ಗಾರ್ಡನ್ ಎದುರಿನ ಮನೆ

ಸೆಪ್ಟೆಂಬರ್ 3, ಮಂಗಳವಾರ

ಸಾಮಾನೆಲ್ಲ ಇಳಿಸಿ ಆಯಿತು. ಬೈಲಹೊಂಗಲದಲ್ಲಿ ಇದು ನಮ್ಮ ಮೊದಲ ದಿನ. ಮೇಲಿನ ಮಾಳಿಗೆಯಲ್ಲಿ ಎರಡು ಕೋಣೆ, ಅಡುಗೆಮನೆ, ಮುಂದೆ ಕಬ್ಬಿಣದ ಗ್ರಿಲ್ ಹಾಕಿದ ಚಿಕ್ಕ ಬಾಲ್ಕನಿ. ಗ್ರಿಲ್ ಇದೆ ಎಂಬ ಒಂದೇ ಕಾರಣಕ್ಕೆ ನಾನು ಈ ಮನೆಗೆ ಹೂಂ ಅಂದೆ. ಮೆಟ್ಟಿಲು ಬಹಳ ಕಡಿದು, ಒಂದು ಕಡೆ ಹಿಡಿಕೆಯೇ ಇಲ್ಲ. ರಸ್ತೆಯ ಆಚೆಗೇ ಗಾರ್ಡನ್. ಮಕ್ಕಳ ಕೂಗು ಅಡುಗೆಮನೆಯ ತನಕ ಕೇಳುತ್ತದೆ.

"ನೋಡ ಶೀತಲ್, ನಿನಗಂತನ ಕಟ್ಟ್ಯಾರ" ಎಂದು ಇವರು ಮಗಳನ್ನು ಎತ್ತಿ ತೋರಿಸಿದರು. ನನಗೆ ಕಂಡದ್ದೇ ಬೇರೆ. ಜೋಕಾಲಿಯ ಒಂದು ಸರಪಳಿ ತುಕ್ಕು ಹಿಡಿದಿದೆ. ಕಲ್ಲಿನ ಬೆಂಚುಗಳ ಮೂಲೆ ಚೂಪಾಗಿವೆ. ನಡುವೆ ಒಂದು ಕಾರಂಜಿಯ ತೊಟ್ಟಿ ಇದೆ. ಕಾರಂಜಿ ಕೆಟ್ಟಿದೆ, ಮಳೆನೀರು ನಿಂತಿದೆ. ಐದು ವರ್ಷದ ಕೂಸು ಮುಖ ಅಡಿಯಾಗಿ ಬಿದ್ದರೆ ಅಷ್ಟು ನೀರು ಸಾಕು.

ನಮಗೆ ಬೇಕಾದ ಮನೆ ಇದಲ್ಲ. ಆಸ್ಪತ್ರೆಯ ಓಣಿಯಲ್ಲಿ ಉಳವಪ್ಪ ಎಂಬವರ ಮನೆ ಇದೆ, ಗೇಟಿಗೆ ಎದುರಾಬದುರು. ಅಲ್ಲಿದ್ದವರು ದೀಪಾವಳಿ ಮುಗಿಸಿ ಬಿಡುತ್ತಾರಂತೆ. ಅಲ್ಲಿಯ ತನಕ ಇಲ್ಲಿ.

ಜುಲೈ ತಿಂಗಳ ಆ ದಾರಿಯನ್ನು ನಾನು ಮರೆಯಲಾರೆ. ನಮ್ಮೂರು ಸಿರಸಂಗಿಯಿಂದ ಇಲ್ಲಿಯ ಆಸ್ಪತ್ರೆಗೆ ಜೀಪು ಹತ್ತಿದಾಗ ಮಳೆ. ಶೀತಲ್‌ಳ ಕಣ್ಣು ಮೇಲೆ ಹೋಗಿತ್ತು, ತುಟಿ ನೀಲಿಯಾಗಿತ್ತು, ಕೈಕಾಲು ಬಡಿಯುತ್ತಲೇ ಇದ್ದವು. ಪ್ರತಿ ಊರು ಬಂದಾಗಲೂ ಇದೇ ಇರಬೇಕು ಅಂದುಕೊಳ್ಳುತ್ತಿದ್ದೆ, ಇನ್ನೊಂದು ಊರು ಬರುತ್ತಿತ್ತು. ಅದಕ್ಕೇ ಇವರು ಸವದತ್ತಿಯ ಕೆಲಸ ಬಿಟ್ಟು ಇಲ್ಲಿಯ ಟ್ರ್ಯಾಕ್ಟರ್ ಶೋರೂಮಿಗೆ ಸೇರಿದರು. ಆಸ್ಪತ್ರೆ ಹತ್ತಿರ ಇರಬೇಕು, ಅಷ್ಟೇ.

ಹೊರಡುವಾಗ ಅತ್ತೆ ಬಾಯವ್ವ ನನ್ನನ್ನು ಒಳಗೆ ಕರೆದು ಹೇಳಿದರು. "ಅಲ್ಲಿ ಯಾರ ಮುಂದೂ ಬಾಯಿ ಬಿಡಬ್ಯಾಡ. ಹೆಣ್ಣ ಕೂಸು. ನಾಳೆ ಯಾರರ ಕೇಳಾಕ ಬಂದ್ರ ಇದ ಮಾತ ಮುಂದ ಬರತೈತಿ."

ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಸೆಪ್ಟೆಂಬರ್ 8, ಭಾನುವಾರ

ಗಾರ್ಡನ್ನಿನಲ್ಲಿ ಹುಡುಗರು ಗಣಪತಿ ಕೂಡಿಸಿದ್ದಾರೆ. ಧ್ವನಿವರ್ಧಕ, ಪಟಾಕಿ. ಪ್ರತಿ ಸದ್ದಿಗೂ ನಾನು ಶೀತಲ್‌ಳ ಮುಖ ನೋಡುತ್ತೇನೆ. ಅವಳು ಗ್ರಿಲ್ಲಿಗೆ ಗಲ್ಲ ಒತ್ತಿ ಕುಣಿಯುವವರನ್ನು ನೋಡುತ್ತಾಳೆ. ಸ್ವಲ್ಪ ಹೊತ್ತು ಕಣ್ಣು ಮಿಟುಕಿಸದಿದ್ದರೆ "ಶೀತಲ್" ಎಂದು ಕರೆಯುತ್ತೇನೆ. "ಹಾಂ ಅವ್ವಾ" ಎನ್ನುತ್ತಾಳೆ. ಮತ್ತೆ ಕರೆಯುತ್ತೇನೆ.

ಮನೆಯ ಒಡತಿ ಶಾಂತಾಬಾಯಿ ಕೆಳಗಿನ ಮನೆಯಲ್ಲಿದ್ದಾರೆ. ಮಗ ತ್ರ್ಯಂಬಕ, ಏಳು ವರ್ಷದ ಮೊಮ್ಮಗ ಅನಿಕೇತ. ಸೊಸೆ ನೌಕರಿಗೆಂದು ರಾಮದುರ್ಗದಲ್ಲಿದ್ದು ವಾರಕ್ಕೊಮ್ಮೆ ಬರುತ್ತಾಳೆ. ಇಂದು ಮೋದಕ ಹಿಡಿದುಕೊಂಡು ಮೇಲೆ ಬಂದಿದ್ದರು.

"ಕೂಸನ್ನ ಯಾಕವಾ ಮ್ಯಾಲೇ ಇಟಗೊಂಡು ಕೂತೀದಿ? ಗಾರ್ಡನ್ ಎದುರಿಗೇ ಅದ. ನಮ್ಮ ಅನಿಕೇತನ ಜೋಡಿ ಕಳಸು."

"ನೆಗಡಿ ಆಗೇತ್ರಿ ಬಾಯಾರ" ಎಂದೆ.

ಸೆಪ್ಟೆಂಬರ್ 12, ಗುರುವಾರ

ಇವತ್ತೂ ನೆಗಡಿ ಎಂದೆ.

ಸೆಪ್ಟೆಂಬರ್ 17, ಮಂಗಳವಾರ

ಅಕ್ಷರ ಸೊಟ್ಟ ಬರುತ್ತಿವೆ.

ಒಣಗಿದ ಬಟ್ಟೆ ತರಲು ಮಾಳಿಗೆಯ ಮೇಲಿನ ಗಚ್ಚಿಗೆ ಹೋಗಿದ್ದೆ. ಇಳಿದು ಬಂದರೆ ಬಾಗಿಲು ತೆರೆದಿದೆ, ಶೀತಲ್ ಇಲ್ಲ. ಮಂಚದ ಕೆಳಗೆ ನೋಡಿದೆ. ಬಚ್ಚಲಿನ ಬಕೆಟ್ಟಿನಲ್ಲಿ ನೋಡಿದೆ, ಅದು ತುಂಬಿತ್ತು. ಆಮೇಲೆ ಆ ಮೆಟ್ಟಿಲು. ಕೆಳಗಿನ ಮೆಟ್ಟಿಲ ಹತ್ತಿರ ಅವಳು ಬಿದ್ದಿದ್ದಾಳೆ ಎಂದು ನನಗೆ ಸ್ಪಷ್ಟವಾಗಿ ಕಂಡಿತು. ನಿಜವಾಗಿ ಕಂಡಿತು, ನೀಲಿ ಫ್ರಾಕಿನ ಸಮೇತ. ಇಳಿದು ನೋಡಿದರೆ ಅಲ್ಲಿ ಏನೂ ಇರಲಿಲ್ಲ.

ಚಪ್ಪಲಿಯಿಲ್ಲದೆ ರಸ್ತೆ ದಾಟಿದೆ. ಒಂದು ಬೈಕಿನವನು ಬೈದ. ಮೊದಲು ಓಡಿದ್ದು ಕಾರಂಜಿಯ ತೊಟ್ಟಿಗೆ. ನೀರಿನಲ್ಲಿ ಬೇವಿನ ಎಲೆ ಮಾತ್ರ ತೇಲುತ್ತಿದ್ದವು.

ಅವಳು ಜೋಕಾಲಿಯ ಮೇಲಿದ್ದಳು. ಶಾಂತಾಬಾಯಿ ಹಿಂದೆ ನಿಂತು ಮೆಲ್ಲಗೆ ದೂಡುತ್ತಿದ್ದರು. ಶೀತಲ್ ಬಾಯಿ ತೆರೆದು ನಗುತ್ತಿದ್ದಳು. ಮಾರ್ಚ್ ತಿಂಗಳಲ್ಲಿ ಮೊದಲ ಸಲ ಬಂದಾಗಿನಿಂದ ಆ ನಗು ನಾನು ನೋಡಿರಲಿಲ್ಲ. ನೋಡಿದರೂ ಒಂದೇ ನೆಗೆತಕ್ಕೆ ಹೋಗಿ ಅವಳನ್ನು ಜೋಕಾಲಿಯಿಂದ ಕಿತ್ತುಕೊಂಡೆ. ಸರಪಳಿ ಶಾಂತಾಬಾಯಿಯವರ ಮೊಣಕೈಗೆ ಬಡಿಯಿತು.

"ಅಯ್ಯ! ಏನಾತವಾ ಇಷ್ಟು? ಒಬ್ಬಾಕಿನೇ ಗೇಟಿನ ಕಡೆ ಬಂದು ನಿಂತಿದ್ಲು, ಕೈ ಹಿಡದು ದಾಟಿಸಿ ತಂದೆ."

ಮಗಳನ್ನು ಎತ್ತಿಕೊಂಡು ಬಂದುಬಿಟ್ಟೆ. ಅವರು ಮೊಣಕೈ ತಿಕ್ಕಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದರು. ಸಂಜೆ ಬಾಗಿಲಿಗೆ ಮೇಲುಗಡೆ ಇನ್ನೊಂದು ಚಿಲಕ ಹಾಕಿಸಿದೆ.

ಸೆಪ್ಟೆಂಬರ್ 24, ಮಂಗಳವಾರ

ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರ್ ಔಷಧಿಯ ಪ್ರಮಾಣ ಹೆಚ್ಚು ಮಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ. ಶೀತಲ್ ಅವರ ಮೇಜಿನ ಕೆಳಗೆ ತಲೆ ತೂರಿಸಿ ಕುಳಿತಳು. ಏಳು ಎಂದರೆ ಏಳಲಿಲ್ಲ.

"ಮನ್ಯಾಗ ಕೂಡಿ ಹಾಕೀರೇನ್ರಿ?" ಎಂದು ಕೇಳಿದರು. ಇವರು ನನ್ನ ಕಡೆ ನೋಡಿದರು.

"ಹೊರಗ ಬಿಟ್ರ ಬಂದೀತ್ರಿ ಅಂತ ಹೆದರಿಕಿ" ಎಂದೆ.

"ಮನ್ಯಾಗಿದ್ರೂ ಬರಬಹುದವಾ. ಔಷಧ ತಪ್ಪಿಸಬ್ಯಾಡ್ರಿ. ಎತ್ತರ ಹತ್ತಾಕ, ನೀರಿನ ಹಂತೇಕ ಒಬ್ಬಾಕಿನ ಬಿಡಬ್ಯಾಡ್ರಿ. ಉಳದದ್ದು ಆಡ್ಲಿ. ಬಂದ್ರ ಮಗ್ಗಲಾಗಿ ಮಲಗಸ್ರಿ, ಬಾಯಾಗ ಏನೂ ಹಾಕಬ್ಯಾಡ್ರಿ. ಐದ ನಿಮಿಷ ದಾಟಿದ್ರ ಮೂಗಿಗೆ ಈ ಸ್ಪ್ರೇ ಹೊಡದು ಕರಕೊಂಡ ಬರ್ರಿ."

ಎಲ್ಲ ಮೊದಲೇ ಹೇಳಿದ್ದೇ. ಹೇಳುವುದು ಸುಲಭ. ಸ್ಪ್ರೇ ಅಡುಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟಿದ್ದೇನೆ.

ಅಕ್ಟೋಬರ್ 1, ಮಂಗಳವಾರ

ಕಳೆದ ವಾರದಿಂದ ಸಂಜೆ ಗಾರ್ಡನ್ನಿಗೆ ಹೋಗುತ್ತಿದ್ದೇವೆ. ನಾನು ಅವಳ ಫ್ರಾಕಿನ ಹಿಂದಿನ ಪಟ್ಟಿಯನ್ನು ಹಿಡಿದುಕೊಂಡೇ ಇರುತ್ತೇನೆ. ಜೋಕಾಲಿ ಇಲ್ಲ, ಜಾರುಬಂಡಿ ಇಲ್ಲ. ಹುಲ್ಲಿನ ಮೇಲೆ ಮಾತ್ರ. ಅನಿಕೇತ ಒಂದು ಚೆಂಡು ತರುತ್ತಾನೆ. ಶೀತಲ್ ಅದರ ಹಿಂದೆ ಓಡುತ್ತಾಳೆ, ಅವಳ ಹಿಂದೆ ನಾನು ಬಗ್ಗಿಕೊಂಡು ಓಡುತ್ತೇನೆ. ಬೆಂಚಿನ ಮೇಲಿದ್ದ ಹೆಂಗಸರು ನಗುತ್ತಾರೆ. ಮೊದಲ ದಿನ ಅತ್ತುಬಿಡುವಂತಾಗಿತ್ತು.

ದೇವಕ್ಕ ಎಂಬಾಕೆ ದಿನವೂ ಬರುತ್ತಾಳೆ. ಅವಳಿಗೂ ಶೀತಲ್‌ಳಷ್ಟೇ ದೊಡ್ಡ ಮಗಳಿದ್ದಾಳೆ, ಹೆಸರು ಪವಿತ್ರಾ. "ಒಬ್ಬಾಕಿನ ಮಗಳೇನ? ಅದಕ್ಕ ಇಷ್ಟ ಜ್ವಾಕಿ" ಎಂದಳು. ಹೂಂ ಎಂದೆ. ತಾನು ಮಾಡಿದ ಶೇಂಗಾ ಹೋಳಿಗೆ ಕೊಟ್ಟಳು. ಚೆನ್ನಾಗಿತ್ತು. ಬೆಲ್ಲ ಸ್ವಲ್ಪ ಹೆಚ್ಚು.

ಗಿಡಗಳಿಗೆ ನೀರು ಬಿಡುವ ಲಗಮಣ್ಣನಿಗೆ ತೊಟ್ಟಿಯ ನೀರು ತೆಗೆಸಿ ಎಂದು ಹೇಳಿದೆ. "ಪುರಸಭೆಯವ್ರಿಗೆ ಹೇಳಬೇಕ್ರಿ ಅಕ್ಕಾರ" ಎಂದ. ಮರುದಿನ ತಾನೇ ಬಕೆಟ್ಟಿನಲ್ಲಿ ಎತ್ತಿ ಗಿಡಕ್ಕೆ ಹಾಕುತ್ತಿದ್ದ.

ಆದರೂ ಪ್ರತಿ ಸಂಜೆ ಗೇಟು ದಾಟುವಾಗ ಬೆಂಚಿನ ಮೇಲಿದ್ದವರನ್ನು ಎಣಿಸುತ್ತೇನೆ. ಇಷ್ಟು ಮಂದಿ. ಇವರೆಲ್ಲರ ಎದುರಿಗೆ ಬಂದರೆ?

ಅಕ್ಟೋಬರ್ 7, ಸೋಮವಾರ

ಬಂದಿತು. ಗಾರ್ಡನ್ನಿನಲ್ಲೇ.

ಈಗ ಮಲಗಿದ್ದಾಳೆ. ಉಸಿರು ಸರಿ ಇದೆ. ಇಷ್ಟೇ ಬರೆಯಬಲ್ಲೆ.

ಅಕ್ಟೋಬರ್ 8, ಮಂಗಳವಾರ

ಬರೆದರೆ ಕಣ್ಣ ಮುಂದಿನಿಂದ ಹೋದೀತೇನೋ.

ನಿನ್ನೆ ಅವಳು ಮತ್ತು ಪವಿತ್ರಾ ಬೇವಿನ ಮರದ ಬುಡದಲ್ಲಿ ಕಲ್ಲು ಜೋಡಿಸಿ ಒಲೆ ಮಾಡಿದ್ದರು, ಎಲೆಯ ರೊಟ್ಟಿ ಬಡಿಯುತ್ತಿದ್ದರು. ನಾನು ಪಟ್ಟಿ ಹಿಡಿದಿರಲಿಲ್ಲ. ದೇವಕ್ಕನ ತವರಿನ ಮಾತು ಕೇಳುತ್ತಿದ್ದೆ. ಶೀತಲ್ ಕೈಯಲ್ಲಿದ್ದ ಎಲೆ ಹಾಗೇ ಮೇಲೆ ಎತ್ತಿ ನಿಂತುಬಿಟ್ಟಳು. ಕರೆದೆ. ಹಾಂ ಅನ್ನಲಿಲ್ಲ. ನಾನು ತಲುಪುವ ಮೊದಲೇ ಬಿದ್ದಳು, ಮಣ್ಣಿನ ಮೇಲೆ. ಕಲ್ಲಿನ ಮೇಲಲ್ಲ, ಮಣ್ಣಿನ ಮೇಲೆ.

ಎಲ್ಲರೂ ಓಡಿ ಬಂದರು. ಯಾರೋ ಈರುಳ್ಳಿ ಮೂಸಿಸಿ ಎಂದರು. ಯಾರೋ ದೆವ್ವದ ಗಾಳಿ ಎಂದರು. ಲಗಮಣ್ಣ ಬೀಗದ ಕೈ ಗೊಂಚಲು ತಂದು ಅವಳ ಮುಷ್ಟಿಯಲ್ಲಿ ತುರುಕಲು ನೋಡಿದ. ಇನ್ನೊಬ್ಬಾಕೆ ನೀರಿನ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದಳು. ಆಗ ನನ್ನ ಬಾಯಿಂದ ಅಷ್ಟು ದೊಡ್ಡ ಧ್ವನಿ ಹೇಗೆ ಹೊರಟಿತೋ ಗೊತ್ತಿಲ್ಲ.

"ಕೈಯಾಗ ಏನೂ ಕೊಡಬ್ಯಾಡ್ರಿ! ನೀರ ಹಾಕಬ್ಯಾಡ್ರಿ, ಉಸಿರ ಕಟ್ಟತೈತಿ! ಫಿಟ್ಸ್ ಐತಿ ಅಕಿಗೆ, ಫಿಟ್ಸ್! ಹಿಂದ ಸರೀರಿ, ಮಗ್ಗಲಾಗಿ ಹೊಳ್ಳಸ್ತೇನಿ!"

ಸರಿದರು. ನಾನು ಅವಳನ್ನು ಹೊರಳಿಸಿ ತಲೆಯ ಕೆಳಗೆ ಸೆರಗು ಇಟ್ಟೆ. ಲಗಮಣ್ಣ ಗೊಂಚಲು ಬಿಸಾಕಿ ಕಲ್ಲುಗಳನ್ನು ದೂರ ಎಳೆದ. ಸ್ಪ್ರೇ ಮನೆಯಲ್ಲಿತ್ತು. "ಬಾಯಾರ, ಅಡಗಿಮನಿ ಮಾಡದಾಗ ಔಷಧ ಐತ್ರಿ" ಎಂದು ಕೂಗಿದೆ. ಶಾಂತಾಬಾಯಿ ಈ ವಯಸ್ಸಿನಲ್ಲಿ ಆ ಮೆಟ್ಟಿಲು ಹತ್ತಿ ಇಳಿದು ಬಂದರು. ಯಾವುದೆಂದು ತಿಳಿಯದೆ ಮಾಡದಲ್ಲಿದ್ದದ್ದನ್ನೆಲ್ಲ ಸೆರಗಿನಲ್ಲಿ ಸುರಿದುಕೊಂಡು ತಂದಿದ್ದರು. ಗುಳಿಗೆ, ಕೆಮ್ಮಿನ ಔಷಧಿ, ಇಂಗಿನ ಡಬ್ಬಿ, ಎಲ್ಲ. ಅಷ್ಟರಲ್ಲಿ ನಡುಕ ಕಡಿಮೆಯಾಗುತ್ತ ಬಂದಿತ್ತು. ಸ್ಪ್ರೇ ಬೇಕಾಗಲಿಲ್ಲ. ತ್ರ್ಯಂಬಕ ಆಟೋ ತಂದು ಗೇಟಿನ ಒಳಗೇ ನುಗ್ಗಿಸಿದರು.

ಆಟೋದಲ್ಲಿ ಕುಳಿತಾಗ ತಿರುಗಿ ನೋಡಿದೆ. ದೇವಕ್ಕ ತನ್ನ ಮಗಳ ಮುಖವನ್ನು ತನ್ನ ಸೀರೆಗೆ ಒತ್ತಿ ಹಿಡಿದು ನಿಂತಿದ್ದಳು.

ಎಲ್ಲರಿಗೂ ಗೊತ್ತಾಯಿತು. ಅತ್ತೆಗೆ ಏನು ಹೇಳಲಿ?

ಅಕ್ಟೋಬರ್ 9, ಬುಧವಾರ

ಶಾಂತಾಬಾಯಿ ಬಂದರು. ಮನೆ ಬಿಡಿ ಎನ್ನಲು ಬಂದಿದ್ದಾರೆ ಎಂದುಕೊಂಡೆ. ನಿಂತೇ ಇದ್ದರು, ಕುಳಿತುಕೊಳ್ಳಲಿಲ್ಲ. ಅವರ ಮುಖ ಅಷ್ಟು ಕೆಂಪಾಗಿದ್ದನ್ನು ನೋಡಿರಲಿಲ್ಲ.

"ನನಗ ಯಾಕ ಹೇಳಲಿಲ್ಲ?"

ನಾನು ಚಾಪೆ ಹಾಸಿದೆ.

"ಮೊನ್ನೆ ಭಾನುವಾರ ನೀ ಸಂತಿಗೆ ಹೋದಾಗ ಮಲಗಿದ ಕೂಸನ್ನ ನನ್ನ ಕಡೆ ಬಿಟ್ಟು ಹೋಗಿದ್ದಿ. ಎದ್ದಾಕಿನ ದಾಸವಾಳ ಹರೀತೀನಿ ಅಂದ್ಲು. ಹಿತ್ತಲದಾಗ ನೀರಿನ ಟಾಕಿ ಕಟ್ಟಿ ಮ್ಯಾಲೆ ನಿಲ್ಲಿಸಿದ್ದೆ ಅಕೀನ್ನ. ಮುಚ್ಚಳ ತಗದಿತ್ತು. ನಾ ಬುಟ್ಟಿ ತರಲಿಕ್ಕೆ ಒಳಗ ಹೋಗಿ ಬಂದೆ. ಗೊತ್ತಿದ್ರ ಹಂಗ ಬಿಟ್ಟು ಹೋಗ್ತಿದ್ದೆನೇನ ನಾ? ಹೇಳು!"

ಅಲ್ಲೇ ಕುಳಿತೆ. ಆಮೇಲೆ ಅವರೂ ಕುಳಿತರು. ಇಬ್ಬರೂ ಹಿತ್ತಲಿನ ಆ ಕಟ್ಟೆಯನ್ನೇ ನೋಡುತ್ತಿದ್ದೆವು ಅನ್ನಿಸುತ್ತದೆ, ಇಲ್ಲಿಂದ ಅದು ಕಾಣದಿದ್ದರೂ.

"ಮಂದಿ ಏನಂದಾರು ಅಂತ ಅತ್ತಿ ಹೇಳಬ್ಯಾಡ ಅಂದಿದ್ರು" ಎಂದೆ.

"ಮಂದಿ ಅನ್ನೋದು ಅಂತಾರ. ನೀ ಮುಚ್ಚಿಟ್ರೂ ಅದು ತಪ್ಪೂದಿಲ್ಲ" ಎಂದರು. ಸಮಾಧಾನದ ಮಾತೇನೂ ಆಡಲಿಲ್ಲ. "ಈಗ ಹೇಳು. ಬಂದಾಗ ಏನ ಮಾಡಬೇಕು, ಏನ ಮಾಡಬಾರದು. ತ್ರ್ಯಂಬಕನನ್ನೂ ಕರೀತೀನಿ."

ಅನಿಕೇತನನ್ನು ನೆಲದ ಮೇಲೆ ಮಲಗಿಸಿ ಹೇಗೆ ಹೊರಳಿಸಬೇಕೆಂದು ತೋರಿಸಿದೆ. ಅವನಿಗೆ ಕಚಗುಳಿಯಾಗಿ ಹೊರಳಾಡಿ ನಕ್ಕ. ಶೀತಲ್ ಬಾಗಿಲಲ್ಲಿ ನಿಂತು, "ನಾ ಹಂಗ ಮಾಡ್ತೇನೇನ ಅವ್ವಾ?" ಎಂದಳು.

ಅವಳಿಗೂ ನಾನು ಹೇಳಿರಲಿಲ್ಲ.

ಅಕ್ಟೋಬರ್ 12, ಶನಿವಾರ

ದಸರಾ. ಸಂಜೆ ಓಣಿಯವರೆಲ್ಲ ಗಾರ್ಡನ್ನಿನಲ್ಲಿ ಬನ್ನಿ ಕೊಟ್ಟು ತೆಗೆದುಕೊಳ್ಳುತ್ತಿದ್ದರು. ನಾವು ಇಳಿಯಲಿಲ್ಲ. ಶೀತಲ್‌ಗೆ ಹೊಸ ಫ್ರಾಕ್ ಹಾಕಿ ಬಾಲ್ಕನಿಯಲ್ಲಿ ಕೂರಿಸಿದ್ದೆ. ದೇವಕ್ಕ ಕೆಳಗಿನ ರಸ್ತೆಯಲ್ಲಿ ಹಾದು ಹೋದಳು, ಮೇಲೆ ನೋಡಲಿಲ್ಲ. ಪವಿತ್ರಾ ನೋಡಿದಳು. ದೇವಕ್ಕ ಅವಳ ತೋಳು ಎಳೆದಳು.

ಅನಿಕೇತ ಓಡಿ ಬಂದು ಶೀತಲ್‌ಳ ಕೈಯಲ್ಲಿ ಬನ್ನಿ ಹಾಕಿ, "ಬನ್ನಿ ತೊಗೊಂಡು ಬಂಗಾರದ್ಹಂಗ ಇರೂಣು" ಎಂದ. ಲಗಮಣ್ಣ ಕೆಳಗಿನ ಮೆಟ್ಟಿಲಲ್ಲೇ ನಿಂತು ಕರೆದ. "ಅಕ್ಕಾರ, ಅವತ್ತ ಚಾವಿ ತುರಕಾಕ ಬಂದಿದ್ದೆ. ನಮ್ಮೂರಾಗ ಹಂಗ ಮಾಡ್ತಾರ್ರಿ. ತಪ್ಪ ತಿಳಕೋಬ್ಯಾಡ್ರಿ." ಬನ್ನಿ ಕೊಟ್ಟು ಹೋದ.

ಊಟವಾದ ಮೇಲೆ ಇವರು, "ಉಳವಪ್ಪನವ್ರಿಗೆ ಫೋನ್ ಹಚ್ಚಿದ್ದೆ. ಮನಿ ನಮಗ ಇಡ್ರಿ ಅಂದೇನಿ" ಎಂದರು. ಸರಿ ಎಂದೆ.

ಅಕ್ಟೋಬರ್ 20, ಭಾನುವಾರ

ಮತ್ತೆ ಗಾರ್ಡನ್ನಿಗೆ ಹೋದೆವು. ನಾನು ಬೇಡವೆಂದರೂ ಶೀತಲ್ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕುಳಿತುಬಿಟ್ಟಳು. ಸ್ಪ್ರೇ ಈಗ ನನ್ನ ಸೊಂಟದ ಚೀಲದಲ್ಲಿದೆ.

ನಾವು ಹೋಗಿ ಕುಳಿತ ಬೆಂಚಿನಿಂದ ಇಬ್ಬರು ಎದ್ದು ಹೋದರು. ಹೀಗಾಗುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದರೂ ಕಿವಿ ಬಿಸಿಯಾದವು. ಎದ್ದು ಬರೋಣ ಎನ್ನುವಷ್ಟರಲ್ಲಿ ದೇವಕ್ಕ ಬಂದಳು. ದೂರದಲ್ಲೇ ನಿಂತು ಕೇಳಿದಳು.

"ಅದು ಒಬ್ಬರದ ಒಬ್ಬರಿಗೆ ಹತ್ತತೈತೇನ?"

"ಇಲ್ಲವಾ. ಮುಟ್ಟಿದ್ರ, ಜೋಡಿ ಉಂಡ್ರ, ಯಾತರಿಂದಾನೂ ಹತ್ತೂದಿಲ್ಲ."

"ನಮ್ಮಾಕಿ ಅವತ್ತಿಂದ ಅಂಜ್ಯಾಳು. ರೊಟ್ಟಿ ಬಡಿಯೂದ ಒಲ್ಲೆ ಅಂತಾಳು."

"ನಂಗೂ ಅಂಜಿಕಿ ಆಗತೈತಿ" ಎಂದೆ.

ದೇವಕ್ಕ ಮಗಳನ್ನು ಕಳಿಸಲಿಲ್ಲ, ಹೋಗಲೂ ಇಲ್ಲ.

ಅಕ್ಟೋಬರ್ 29, ಮಂಗಳವಾರ

ಹಬ್ಬಕ್ಕೆ ಸಿರಸಂಗಿಗೆ ಹೋಗಬೇಕು. ಆ ದಾರಿ ನೆನೆಸಿದರೆ ನಿದ್ದೆ ಬರುವುದಿಲ್ಲ. ಪವಿತ್ರಾ ಇಂದು ಶೀತಲ್‌ಳಿಗೆ ದೂರದಿಂದ ಚೆಂಡು ಎಸೆದಳು.

ನವೆಂಬರ್ 10, ಭಾನುವಾರ

ಹಬ್ಬಕ್ಕೆ ಹೋಗಿ ಬಂದ ದಾರಿಯಲ್ಲಿ ಏನೂ ಆಗಲಿಲ್ಲ, ಅತ್ತೆಗೆ ಮಾತ್ರ ಇನ್ನೂ ಏನೂ ಹೇಳಿಲ್ಲ. ಇಂದು ಉಳವಪ್ಪನವರ ಮನೆ ನೋಡಿ ಬಂದೆವು.

ಒಳ್ಳೆಯ ಮನೆ. ಸುಳ್ಳು ಹೇಳಬಾರದು. ಕೆಳಗೆ ಔಷಧಿ ಅಂಗಡಿ, ಎದುರಿಗೆ ಆಸ್ಪತ್ರೆಯ ಗೇಟು. ನಲ್ಲಿಗೆ ಒಳ್ಳೆಯ ನೀರು. ಮೆಟ್ಟಿಲಿಗೆ ಎರಡೂ ಕಡೆ ಹಿಡಿಕೆ. ಕಾಯಿಪಲ್ಲೆ ಸಂತೆಯೂ ಹತ್ತಿರ. ಉಳವಪ್ಪನವರು ಮರ್ಯಾದಸ್ಥರು. "ಯಾವ ಹೊತ್ತಿನ್ಯಾಗ ಬೇಕಾದ್ರೂ ದಾಟಿ ಹೋಗಬಹುದು ನೋಡ್ರಿ. ನಿಮ್ಮಂಥವ್ರಿಗೆ ಇದಕ್ಕಿಂತ ಅನುಕೂಲದ ಜಾಗಾ ಸಿಗೂದಿಲ್ಲ" ಎಂದರು. ಈ ಊರಿಗೆ ಬಂದ ಮೇಲೆ ಮೊದಲ ಸಲ ಇವರು ನಿರಾಳವಾಗಿ ನಿಂತರು. ನಾನೂ ಇದನ್ನೇ ಬೇಡಿಕೊಂಡಿದ್ದೆ.

ಒಳಗೆ ಫಿನೈಲಿನ ವಾಸನೆ ಇತ್ತು, ಆಸ್ಪತ್ರೆಯದೋ ತೊಳೆದ ನೆಲದ್ದೋ. ಶೀತಲ್ ಪಡಸಾಲೆಯ ನಡುವೆ ಹೋದಳು. ಸುತ್ತ ನೋಡಿದಳು. ಆಮೇಲೆ ಗೋಡೆಗೆ ಒರಗಿ ಕುಳಿತು, ಫ್ರಾಕಿನ ತೋಳು ಮೇಲೆ ಸರಿಸಿ, ಕಣ್ಣು ಮುಚ್ಚಿ ಕೈ ಮುಂದೆ ಚಾಚಿದಳು.

"ಏನ ಶೀತಲ್?" ಎಂದರು ಇವರು.

"ಸೂಜಿ ಮಾಡ್ಲಿ ಅಪ್ಪಾ. ನಾ ಅಳೂದಿಲ್ಲ."

ಇವರು ಹೊರಗೆ ಹೋಗಿ ಬೈಕಿನ ಹತ್ತಿರ ನಿಂತರು. ಉಳವಪ್ಪನವರಿಗೆ ನಾಳೆ ಹೇಳುತ್ತೇವೆ ಎಂದೆ.

ನವೆಂಬರ್ 11, ಸೋಮವಾರ

ಜಗಳ. ನಾನೇ ಜಗಳ ತೆಗೆದೆ.

"ನೀನ ಅಲ್ಲ ಅಳತಿದ್ದಾಕಿ, ಆಸ್ಪತ್ರಿ ಹತ್ರ ಬೇಕಂತ?" ಎಂದರು ಇವರು.

"ಹೌದು. ಅಲ್ಲಿ ಬಂದ್ರ ಮೊದಲ ಯಾರ ನೋಡ್ತಾರ್ರಿ? ನೀವು ಶೋರೂಮಿನ್ಯಾಗ. ನಾ ಒಬ್ಬಾಕಿ. ಇಲ್ಲಿ ಬಾಯಾರಿಗೆ ಗೊತ್ತೈತಿ, ಲಗಮಣ್ಣಗ ಗೊತ್ತೈತಿ. ತ್ರ್ಯಂಬಕ ಅವ್ರು ಆಟೋ ತಗೊಂಡ ಎಷ್ಟ ಲಗೂ ಬಂದ್ರು! ಅಲ್ಲಿ ಮತ್ತ ಮೊದಲಿಂದ ಎಲ್ಲಾರಿಗೂ ಹೇಳಬೇಕು."

"ತಡಾ ಆದ್ರ?"

ತಡವಾದರೆ ಎಂಬುದು ನನ್ನೊಳಗೂ ಹಗಲೆಲ್ಲ ಸುತ್ತುತ್ತದೆ. "ತಡಾ ಆಗಬಹುದು" ಎಂದೆ. "ಅಕಿ ಅಲ್ಲಿ ದಿನಾ ತೋಳ ಏರಿಸಿಕೊಂಡ ಕುಂದರೂದು ನನ್ನ ಕೈಲೆ ನೋಡಾಕ ಆಗೂದಿಲ್ಲ."

ಇವರು ತ್ರ್ಯಂಬಕನ ಫೋನ್ ನಂಬರ್ ಬರೆದು ಬಾಗಿಲ ಹಿಂದೆ ಅಂಟಿಸಿದರು. ಅದರ ಕೆಳಗೆ ಎರಡು ಆಟೋದವರದು. ಆಮೇಲೆ ಉಳವಪ್ಪನವರಿಗೆ ಫೋನ್ ಮಾಡಿ ಕ್ಷಮಿಸಿ ಎಂದರು.

ಸರಿ ಮಾಡಿದೆವೋ ಇಲ್ಲವೋ.

ನವೆಂಬರ್ 24, ಭಾನುವಾರ

ಇಂದು ತಲೆ ಕೆಟ್ಟುಹೋಗಿದೆ. ಈ ಹುಡುಗಿಗೆ ಎಲ್ಲಿಂದ ಬಂದಿತೋ ಇಷ್ಟು ಹಟ. ಜೋಕಾಲಿಯಲ್ಲಿ ಪವಿತ್ರಾಳ ಪಾಳಿ ಇತ್ತು. ತಾನು ಇಳಿಯುವುದಿಲ್ಲ ಎಂದಳು. ಅನಿಕೇತ ಇಳಿಸಲು ಹೋದರೆ ಅವನನ್ನು ಚಿವುಟಿದಳು. ಕೊನೆಗೆ ಇಳಿದವಳು ಒಂದು ಹಿಡಿ ಮಣ್ಣು ತೆಗೆದು ಪವಿತ್ರಾಳ ಕಣ್ಣಿಗೆ ತೂರಿದಳು. ಕೂಸು ಚೀರಿತು. ಎಲ್ಲರೂ ನೋಡುತ್ತಿದ್ದರು. ಬೆಂಚಿನಿಂದ ಎದ್ದು ಹೋಗಿ ರಟ್ಟೆ ಹಿಡಿದು ಎಳೆದೆ.

"ಏನ ಹುಚ್ಚು ಹಿಡದೈತೇನ ನಿನಗ? ಕಣ್ಣಿಗೆ ಮಣ್ಣ ತೂರ್ತಾರೇನ? ನಡಿ ಮನಿಗೆ! ನಾಳೆ ಗಾರ್ಡನ್ ಇಲ್ಲ ನಿನಗ!"

"ಬಿಡವಾ, ಹುಡುಗುರು" ಎಂದಳು ದೇವಕ್ಕ, ಮಗಳ ಕಣ್ಣಿಗೆ ಊದುತ್ತ. ನಾನು ಬಿಡಲಿಲ್ಲ. ಪವಿತ್ರಾಳಿಗೆ ತಪ್ಪಾಯಿತು ಎಂದು ಹೇಳಿಸಿ, ಮೆಟ್ಟಿಲ ತುಂಬ ಬೈಯುತ್ತ ಮೇಲೆ ತಂದೆ. ಓಣಿಗೆಲ್ಲ ಕೇಳಿರಬೇಕು.

ಇವರು ಬಾಗಿಲಲ್ಲಿ ನಿಂತು ನಮ್ಮನ್ನು ನೋಡುತ್ತಿದ್ದರು. ಕಣ್ಣು ಒದ್ದೆಯಾಗಿ ನಗುತ್ತಿದ್ದರು.

"ಯಾಕ ನಗತೀರಿ?"

"ಏನಿಲ್ಲ. ನೀ ಅಕಿಗೆ ಬೈದು ಎಂಟ ತಿಂಗಳಾತು."

ಆಗ ನನಗೆ ಗಾಬರಿಯಾಯಿತು. ಇಷ್ಟು ಅಳಿಸಬಾರದಿತ್ತು. ಅತ್ತು ಅತ್ತು ಬಂದುಬಿಟ್ಟರೆ? ಓಡಿ ಹೋಗಿ ಅವಳ ಎದುರು ಮೊಣಕಾಲೂರಿ ಕುಳಿತೆ. ಕಣ್ಣು ನೋಡಿದೆ, ತುಟಿ ನೋಡಿದೆ. ಅವಳು ಮುಖ ಆಚೆ ತಿರುಗಿಸಿದಳು. ಅಳು ಬಿಕ್ಕಾಯಿತು, ಬಿಕ್ಕು ಕಡಿಮೆಯಾಯಿತು, ಮೂಗು ಒರೆಸಿಕೊಂಡಳು. ಎಲ್ಲ ಮಕ್ಕಳ ಅಳು ನಿಲ್ಲುವ ಹಾಗೆ ನಿಂತಿತು.

"ಚಪಾತಿಗೆ ಸಕ್ರಿ ಹಚ್ಚಿ ಕೊಡು" ಎಂದಳು.

"ಮಣ್ಣ ತೂರಿದವ್ರಿಗೆ ಸಕ್ರಿ ಇಲ್ಲ" ಎಂದೆ.